ಬಸ್ಸು ಹತ್ತುವ ಮೊದಲು ಕಲ್ಕೆರೆಗೆ ಬನ್ನಿ

ಶಾಲಾ ಪ್ರವಾಸದ ಕಾಲ ಶುರುವಾಯಿತೆಂದರೆ ಬೆಂಗಳೂರಿನ ಹೊರಮಾವು, ಬಾಬುಸಾಪಾಳ್ಯ, ಕಲ್ಕೆರೆ ಕಡೆಯ ಶಾಲೆಗಳ ಮುಂದೆ ಬೆಳಗಿನ ಜಾವಕ್ಕೇ ಬಸ್ಸುಗಳು ಬಂದು ನಿಲ್ಲುತ್ತವೆ. ಮನೆಗೆ ಬಂದ ಸುತ್ತೋಲೆಯಲ್ಲಿ ‘ಪ್ರಕೃತಿ ಮತ್ತು ಪರಿಸರ ಶಿಬಿರ’ ಎಂದಿರುತ್ತದೆ. ಎರಡು ಗಂಟೆ ಹೈವೇ ಪ್ರಯಾಣ, ಹಗ್ಗದ ಆಟ, ಪೈಪಿನ ಮಳೆಯಲ್ಲಿ ಕುಣಿತ, ಬಫೆ ಊಟ, ಇಷ್ಟರ ನಡುವೆ ಇಪ್ಪತ್ತು ನಿಮಿಷದ ಒಂದು ‘ನೇಚರ್ ವಾಕ್’. ಮಕ್ಕಳು ನಕ್ಕು ನಲಿದು ಬರುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ, ಮಕ್ಕಳಿಗೆ ಪಿಕ್ನಿಕ್ ಬೇಕೇ ಬೇಕು. ಆದರೆ ಪರಿಸರ ಪಾಠದ ಹೆಸರು ಹೇಳಿ ಕರೆದೊಯ್ದ ಮೇಲೆ, ಪರಿಸರದ ಬಗ್ಗೆ ಒಂದಾದರೂ ಪ್ರಶ್ನೆ ಮಗುವಿನ ತಲೆಯಲ್ಲಿ ಹುಟ್ಟಿರಬೇಕಲ್ಲ?

ಇದೇ ಶಾಲೆಗಳಿಂದ ಆಟೋ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ತಲುಪುವ ದೂರದಲ್ಲಿ ಕಲ್ಕೆರೆ ಕೆರೆಯಿದೆ. ಹೊರಮಾವು ಅಗರದ ಕೆರೆಯಿದೆ, ಇನ್ನೂ ಸ್ವಲ್ಪ ಮುಂದೆ ರಾಂಪುರ ಕೆರೆ. ಅತ್ತ ಹೆಣ್ಣೂರಿನಲ್ಲಿ ಹಳೆಯ ಕೆರೆಯಂಗಳವೇ ಜೀವವೈವಿಧ್ಯ ಉದ್ಯಾನವಾಗಿದೆ. ನಾನು ಹೇಳಹೊರಟಿರುವುದು ಒಂದೇ ಮಾತು: ಈ ಭಾಗದ ಶಾಲೆಗಳ ಪರಿಸರ ಕಾರ್ಯಕ್ರಮ ಇಲ್ಲಿಂದ ಶುರುವಾಗಬೇಕು, ಮತ್ತು ಒಂದೇ ಕೆರೆಗೆ ವರ್ಷದಲ್ಲಿ ಹಲವು ಸಲ ಹೋಗಬೇಕು. ಕಾಡು ನೋಡುವುದು ಆಮೇಲೆ.

ಕೆರೆ ಏರಿ ಮೇಲೆ ನಿಂತ ಮಕ್ಕಳಿಗೆ ಸಾಮಾನ್ಯವಾಗಿ ಮೊದಲು ತೋರಿಸುವುದು ಹಕ್ಕಿ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ನೀರಿನದು. ಈ ನೀರು ಎಲ್ಲಿಂದ ಬಂತು? ಕೋಡಿ ಬಿದ್ದರೆ ಎಲ್ಲಿಗೆ ಹೋಗುತ್ತದೆ? ಉತ್ತರ ಹುಡುಕಿಕೊಂಡು ಹೊರಟರೆ ಭೂಗೋಳ, ಇತಿಹಾಸ, ಜೀವಶಾಸ್ತ್ರ ಎಲ್ಲವೂ ಒಂದೇ ದಾರಿಯಲ್ಲಿ ಸಿಗುತ್ತವೆ.

ಬೆಂಗಳೂರು ಎತ್ತರದ ದಿಣ್ಣೆಯ ಮೇಲೆ ಕೂತಿರುವ ಊರು. ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ, ಅರ್ಕಾವತಿಯ ಮೂಲಕ ಕಾವೇರಿಗೆ ಸೇರಿದರೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲು. ಹೊರಮಾವು ಇರುವುದು ಪೂರ್ವಕ್ಕೆ ಇಳಿಯುವ ಹೆಬ್ಬಾಳ ಕಣಿವೆಯಲ್ಲಿ. ಹೆಬ್ಬಾಳ, ನಾಗವಾರ ಕೆರೆಗಳ ಹೆಚ್ಚುವರಿ ನೀರು ರಾಜಕಾಲುವೆ ಹಿಡಿದು ಕಲ್ಕೆರೆಗೆ ಬಂದು, ಅಲ್ಲಿಂದ ರಾಂಪುರ, ಎಲೆಮಲ್ಲಪ್ಪ ಶೆಟ್ಟಿ ಕೆರೆಗಳನ್ನು ದಾಟಿ ಪಿನಾಕಿನಿಗೆ ಇಳಿಯುತ್ತದೆ. ಮುಂದೆ ಹೊಸೂರಿನ ಕೆಲವರಪಳ್ಳಿ ಜಲಾಶಯ, ಕೃಷ್ಣಗಿರಿ ಅಣೆಕಟ್ಟು, ಸಾತನೂರು, ಕೊನೆಗೆ ಕಡಲೂರಿನ ಬಳಿ ಬಂಗಾಳ ಕೊಲ್ಲಿ. ಕೆಲವರಪಳ್ಳಿಯಲ್ಲಿ ನೊರೆ ಎದ್ದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿರುತ್ತೀರಿ. ನಮ್ಮ ಬಚ್ಚಲಿನ ಸೋಪು ನೀರು ಗಡಿಯಾಚೆಯ ರೈತರ ಹೊಲದ ತನಕ ಹೋಗುತ್ತದೆ ಎಂಬುದನ್ನು ಏಳನೇ ತರಗತಿಯ ಮಗು ನಕ್ಷೆಯ ಮೇಲೆ ಬೆರಳಿಟ್ಟು ತಾನೇ ಕಂಡುಕೊಂಡರೆ, ಮಾಲಿನ್ಯ ಎಂಬ ಪಾಠ ಮತ್ತೆ ಬಾಯಿಪಾಠ ಮಾಡಬೇಕಾಗಿಲ್ಲ.

ಒಂದು ಲೆಕ್ಕ ಮಾಡಿಸಬೇಕು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ಬೆಂಗಳೂರಿನವರಿಗೆಲ್ಲ ಗೊತ್ತಿರುವ ಮೂವತ್ತು ನಲವತ್ತರ ಸೈಟು ಸುಮಾರು 111 ಚದರ ಮೀಟರ್. ಒಂದು ಜೋರು ರಾತ್ರಿಯ ಮಳೆ 100 ಮಿಲಿಮೀಟರ್ ಎಂದಿಟ್ಟುಕೊಂಡರೆ ಆ ಒಂದೇ ಸೈಟಿನ ಮೇಲೆ 11 ಸಾವಿರ ಲೀಟರ್ ಬಿತ್ತು, ಹತ್ತಿರ ಹತ್ತಿರ ಒಂದು ದೊಡ್ಡ ಟ್ಯಾಂಕರ್ ಲೋಡು. ಇಡೀ ವರ್ಷಕ್ಕೆ ಲಕ್ಷ ಲೀಟರಿನ ಆಸುಪಾಸು. ಮಣ್ಣಿದ್ದಾಗ ಇದರಲ್ಲಿ ಒಂದಿಷ್ಟು ಇಂಗುತ್ತಿತ್ತು, ಒಂದಿಷ್ಟು ಹುಲ್ಲಿನಲ್ಲಿ ನಿಂತು ಹರಿಯುತ್ತಿತ್ತು. ಈಗ ಕಾಂಕ್ರೀಟಿನ ಮೇಲೆ ಬಿದ್ದದ್ದು ನಿಮಿಷಗಳಲ್ಲಿ ಮೋರಿ ಸೇರುತ್ತದೆ.

ಈ ಲೆಕ್ಕವನ್ನು ಹೊರಮಾವಿನ ಮಕ್ಕಳು ಪುಸ್ತಕದಲ್ಲಿ ಓದಬೇಕಾಗಿಯೇ ಇಲ್ಲ. 2024ರ ಮಾರ್ಚಿನಲ್ಲಿ ಬೋರ್‌ವೆಲ್ ಬತ್ತಿ ಅವರ ಮನೆಯವರು ಟ್ಯಾಂಕರಿಗೆ ಕಾದಿದ್ದಾರೆ. 2025ರ ಮೇ ತಿಂಗಳ ಮಳೆಗೆ ಇದೇ ಹೊರಮಾವಿನ ಸಾಯಿ ಲೇಔಟ್ ಮುಳುಗಿ, ಜನರನ್ನು ಬೇರೆಡೆಗೆ ಸಾಗಿಸಬೇಕಾಯಿತು. ಹದಿನಾಲ್ಕೇ ತಿಂಗಳ ಅಂತರದಲ್ಲಿ ಒಂದೇ ಪ್ರದೇಶ ಎರಡನ್ನೂ ಕಂಡಿದೆ. ನೀರಿಲ್ಲದ್ದೂ ನೀರು ನುಗ್ಗಿದ್ದೂ ಒಂದೇ ಕಾರಣದ ಎರಡು ಮುಖಗಳು ಎಂಬುದು ಪ್ರಬಂಧದ ಸಾಲಾಗಿ ಬಂದರೆ ಯಾರಿಗೂ ನಾಟುವುದಿಲ್ಲ. ತಮ್ಮ ಬೀದಿಯ ಇಳಿಜಾರು ಯಾವ ಕಡೆಗಿದೆ ಎಂದು ಒಂದು ಬಾಟಲಿ ನೀರು ಚೆಲ್ಲಿ ನೋಡಿ, ಅದು ಸೇರುವ ಚರಂಡಿ, ಚರಂಡಿ ಸೇರುವ ರಾಜಕಾಲುವೆ, ಅದರ ಅಗಲ ಎಲ್ಲಿ ಕುಗ್ಗಿದೆ ಎಂದು ಹಿಂಬಾಲಿಸಿದ ಮಗುವಿಗೆ ನಾಟುತ್ತದೆ.

ಇನ್ನು ನೀರಿನೊಳಗಿನ ಜೀವ. ಇದಕ್ಕೆ ಬೇಕಾದ ಸಾಮಾನು ಒಂದು ಬಿಳಿ ಟ್ರೇ, ಉದ್ದ ಕೋಲಿಗೆ ಬಿಗಿದ ಟೀ ಸೋಸುವ ಜಾಲರಿ, ಒಂದೆರಡು ಭೂತಗನ್ನಡಿ. ನಮ್ಮ ಕೆರೆಗಳ ನೀರಿಗೆ ಮಕ್ಕಳು ಕೈ ಹಾಕಬಾರದು. ದೊಡ್ಡವರು ಕೈಗವಸು ತೊಟ್ಟು ದಂಡೆಯಿಂದ ಎತ್ತಿ ಟ್ರೇಗೆ ಸುರಿಯಬೇಕು. ಪೂರ್ವ ಬೆಂಗಳೂರಿನ ಒಂದು ಕೆರೆಯಲ್ಲಿ ಆರನೇ ತರಗತಿಯ ಗುಂಪಿನೊಂದಿಗೆ ನಿಂತಿದ್ದಾಗ ಟ್ರೇಯಲ್ಲಿ ಮೊದಲು ಕಂಡದ್ದು ಕೆಸರು ಮಾತ್ರ. ‘ಏನೂ ಇಲ್ಲ ಮಿಸ್’ ಎಂದು ಅರ್ಧ ಮಕ್ಕಳು ಆಗಲೇ ತಿರುಗಿದ್ದರು. ಕೆಸರು ತಳಕ್ಕೆ ಕೂತ ಮೇಲೆ ಒಂದು ಕಸದ ಕಡ್ಡಿ ನಡೆಯತೊಡಗಿತು. ಏರೋಪ್ಲೇನ್ ಚಿಟ್ಟೆಯ ಮರಿ ಅದು. ಈ ಮರಿ ನೀರಿನಲ್ಲೇ ಬೆಳೆಯುತ್ತದೆ, ಅದರ ಬಾಲ್ಯಕ್ಕೂ ಗಾಳಿಯಲ್ಲಿ ಹಾರುವ ರೂಪಕ್ಕೂ ಮೇಲ್ನೋಟಕ್ಕೆ ಸಂಬಂಧವೇ ಕಾಣುವುದಿಲ್ಲ. ಅದರ ಕೆಳತುಟಿ ಮಡಚಿದ ಮೊಣಕೈಯಂತೆ ಗಲ್ಲದಡಿ ಇರುತ್ತದೆ. ಪಕ್ಕದಲ್ಲಿ ಸೊಳ್ಳೆಮರಿಯೊಂದು ಕೊಂಕುತ್ತಾ ಬಂತು. ಆ ತುಟಿ ಚಿಮ್ಮಿ ಹಿಡಿದು ಒಳಕ್ಕೆ ಎಳೆದುಕೊಂಡದ್ದು ಕಣ್ಣಿಗೆ ಸರಿಯಾಗಿ ಸಿಗಲೂ ಇಲ್ಲ. ‘ಮಿಸ್, ಸೊಳ್ಳೆ ಎಲ್ಲಿ ಹೋಯ್ತು?’ ಎಂದ ಹುಡುಗಿ ಆಮೇಲೆ ಅಲ್ಲಿಂದ ಏಳಲೇ ಇಲ್ಲ.

ಅದೇ ಟ್ರೇಯ ಮೂಲೆಯಲ್ಲಿ ರಕ್ತದ ಬಣ್ಣದ ಎಳೆಹುಳಗಳೂ ಇದ್ದವು. ಸಂಜೆ ಕೆರೆ ಪಕ್ಕ ತಲೆಯ ಮೇಲೆ ಗುಂಪುಗಟ್ಟಿ ಸುತ್ತುವ, ಸೊಳ್ಳೆಯಂತಿದ್ದರೂ ಕಚ್ಚದ ಕೀಟದ ಮರಿಗಳವು. ಅವುಗಳ ಕೆಂಪಿಗೆ ಕಾರಣ ನಮ್ಮ ರಕ್ತದಲ್ಲಿರುವಂಥದ್ದೇ ಹಿಮೋಗ್ಲೋಬಿನ್. ಆಮ್ಲಜನಕ ತೀರಾ ಕಡಿಮೆಯಿರುವ ಕೊಳಚೆ ತಳದಲ್ಲೂ ಸಿಕ್ಕಷ್ಟನ್ನು ಹಿಡಿದಿಟ್ಟುಕೊಂಡು ಇವು ಬದುಕುತ್ತವೆ. ಹಾಗಾಗಿ ಟ್ರೇಯಲ್ಲಿ ಕೆಂಪುಹುಳಗಳೇ ತುಂಬಿ ಬೇರೆ ಜೀವಿ ಇಲ್ಲದಿದ್ದರೆ ಆ ನೀರು ಸೋತಿದೆ ಎಂದು ಅರ್ಥ. ಹಲವು ಬಗೆಯ ಮರಿಗಳು ಕಂಡರೆ ಇನ್ನೂ ಉಸಿರಾಡುತ್ತಿದೆ ಎಂದು. ಪ್ರಯೋಗಾಲಯವಿಲ್ಲದೆ ಕೆರೆಯ ಆರೋಗ್ಯ ಅಳೆಯುವ ಈ ವಿಧಾನವನ್ನು ಜಗತ್ತಿನ ಎಷ್ಟೋ ಕಡೆ ಶಾಲಾ ಮಕ್ಕಳು ಬಳಸುತ್ತಾರೆ. ಇನ್ನೊಂದು ಸಾಧನ ಇದಕ್ಕಿಂತ ಸುಲಭ. 1865ರಲ್ಲಿ ಆಂಜೆಲೊ ಸೆಕ್ಕಿ ಎಂಬ ಇಟಲಿಯ ಪಾದ್ರಿ ವಿಜ್ಞಾನಿ ಸಮುದ್ರದಲ್ಲಿ ಬಿಳಿ ತಟ್ಟೆಯೊಂದನ್ನು ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ಅಳೆದು ನೀರಿನ ತಿಳಿಯನ್ನು ಲೆಕ್ಕ ಹಾಕಿದರು. ಇಂದಿಗೂ ಕೆರೆ ಅಧ್ಯಯನದಲ್ಲಿ ಅದೇ ತಟ್ಟೆಯಿದೆ. ಹಳೆಯ ಸ್ಟೀಲ್ ತಟ್ಟೆಗೆ ಬಿಳಿ, ಕಪ್ಪು ಬಣ್ಣ ಬಳಿದು, ಗೇಣಿಗೊಂದು ಗಂಟು ಹಾಕಿದ ಹಗ್ಗ ಕಟ್ಟಿದರೆ ಶಾಲೆಯಲ್ಲೇ ತಯಾರು.

2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ಈ ಭಾಗದವರಿಗೆ ನೆನಪಿರಬಹುದು. ಇಂಥ ಸಾವು ಹೆಚ್ಚಾಗಿ ಕಣ್ಣಿಗೆ ಬೀಳುವುದು ಬೆಳಗ್ಗೆಯೇ ಏಕೆ ಎಂಬ ಪ್ರಶ್ನೆಯನ್ನು ಮಕ್ಕಳ ಮುಂದಿಡಿ. ಕೊಳಚೆ ಸೇರಿದ ನೀರಿನಲ್ಲಿ ಪಾಚಿ ವಿಪರೀತ ಬೆಳೆಯುತ್ತದೆ. ಹಗಲು ಬಿಸಿಲಿನಲ್ಲಿ ಅದು ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ, ಕೊಳೆಯುವ ಕಸದ ಮೇಲಿನ ಬ್ಯಾಕ್ಟೀರಿಯಾ, ಮೀನು ಎಲ್ಲವೂ ಸೇರಿ ಅದನ್ನು ಖರ್ಚು ಮಾಡುತ್ತವೆ. ನಸುಕಿನ ಹೊತ್ತಿಗೆ ಉಳಿದದ್ದು ಅತಿ ಕಡಿಮೆ. ಬೇಸಿಗೆಯ ಬಿಸಿ ನೀರು ಆಮ್ಲಜನಕವನ್ನು ಹಿಡಿದಿಡುವುದೂ ಕಡಿಮೆ. ಬೆಳಗಿನ ಆರೂವರೆಗೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಆ ಕೆರೆಗೆ ಅಪಾಯ ಹತ್ತಿರದಲ್ಲಿದೆ. ಹಸಿರು ಸಸ್ಯ ಆಮ್ಲಜನಕ ಕೊಡುತ್ತದೆ ಎಂದಷ್ಟೇ ಪರೀಕ್ಷೆಗೆ ಬರೆದ ಮಗುವಿಗೆ ಈ ಅರ್ಧ ಗಂಟೆ ಇಡೀ ಅಧ್ಯಾಯವನ್ನು ತಿರುಗಿಸಿ ಕೊಡುತ್ತದೆ.

ಹಕ್ಕಿಗಳನ್ನು ಬಿಟ್ಟೆನೆಂದು ತಿಳಿಯಬೇಡಿ. ಗುಳುಮುಳುಕ, ನಾಮದ ಕೋಳಿ, ನೀರುಕಾಗೆ, ಮಿಂಚುಳ್ಳಿ, ಕೊಳದ ಬಕ, ಅದೃಷ್ಟವಿದ್ದರೆ ಹೆಜ್ಜಾರ್ಲೆ ಇಷ್ಟು ಗುರುತಿಸಿದರೆ ಮೊದಲ ಸಲಕ್ಕೆ ಬೇಕಾದಷ್ಟಾಯಿತು. ಹೆಸರಿನ ಪಟ್ಟಿ ಉದ್ದವಾದಷ್ಟೂ ನೋಡುವುದು ಕಡಿಮೆಯಾಗುತ್ತದೆ. ಒಂದು ನೀರುಕಾಗೆ ಎಷ್ಟು ಹೊತ್ತು ಮುಳುಗಿರುತ್ತದೆ ಎಂದು ಎಣಿಸಿದ ಮಗುವಿಗೆ, ಅದು ರೆಕ್ಕೆ ಹರಡಿ ಬಿಸಿಲಿಗೆ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ.

ನಾನು ಹೇಳುತ್ತಿರುವುದು ಹೊಸ ವಿಚಾರವಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ನಾಲ್ಕು ಗೋಡೆಯಿಂದ ಹೊರಗೆ ತಂದು ಕಲಿಸುವ ಪ್ರಯೋಗ ನಡೆಸಿದ್ದರು. 1936ರಲ್ಲೇ ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟ ಕೊಟ್ಟವರು ಅವರು. ಬ್ರಿಟನ್ನಿನಲ್ಲಿ 1943ರಲ್ಲಿ, ಯುದ್ಧದ ನಡುವೆಯೇ, ಶಾಲಾ ಗುಂಪುಗಳ ಕ್ಷೇತ್ರಾಧ್ಯಯನಕ್ಕೆಂದೇ ಒಂದು ಮಂಡಳಿ ಹುಟ್ಟಿ, 1946ರಲ್ಲಿ ಫ್ಲ್ಯಾಟ್‌ಫರ್ಡ್‌ನ ನದೀತೀರದ ಹಳೆಯ ಗಿರಣಿಯಲ್ಲಿ ಮೊದಲ ಕೇಂದ್ರ ತೆರೆಯಿತು. ನಮ್ಮಲ್ಲಿ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಪರಿಸರವನ್ನು ಶಾಲೆಗಳಲ್ಲಿ ಕಡ್ಡಾಯ ವಿಷಯವಾಗಿಸಲು ಹೇಳಿತು. ವಿಷಯ ಬಂತು, ಪಠ್ಯಪುಸ್ತಕವೂ ಬಂತು. ಹೊರಗೆ ಹೋಗುವುದು ಮಾತ್ರ ಐಚ್ಛಿಕವಾಗಿಯೇ ಉಳಿಯಿತು. 2001-02ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸಿರು ಪಡೆಯನ್ನು ಆರಂಭಿಸಿ ಜಿಲ್ಲೆ ಜಿಲ್ಲೆಯ ಶಾಲೆಗಳಲ್ಲಿ ಇಕೋ ಕ್ಲಬ್ ಕಟ್ಟಲು ಮುಂದಾಯಿತು. ಆ ಕ್ಲಬ್ಬುಗಳ ಬಲ ಒಂದೊಂದು ಶಾಲೆಯಲ್ಲೂ ಒಬ್ಬ ಮೇಷ್ಟ್ರ ಉತ್ಸಾಹದ ಮೇಲೆ ನಿಂತಿದೆ. ಅರಣ್ಯ ಇಲಾಖೆಯ ‘ಚಿಣ್ಣರ ವನ ದರ್ಶನ’ ಹಳ್ಳಿಗಾಡಿನ ಶಾಲಾ ಮಕ್ಕಳನ್ನು ಕಾಡಿಗೆ ಕರೆದೊಯ್ದು ತೋರಿಸುತ್ತದೆ, ಒಳ್ಳೆಯ ಕೆಲಸ. ನಗರದ ಮಕ್ಕಳಿಗೆ ಅದರಷ್ಟೇ ಗಟ್ಟಿಯಾದ ‘ಕೆರೆ ದರ್ಶನ’ ಬೇಕು ಎಂಬುದು ನನ್ನ ಹಂಬಲ.

ಬೇಕಾದ ಜ್ಞಾನ ಈ ಊರಿನಲ್ಲೇ ಧಾರಾಳವಾಗಿದೆ. ಮಾಧವ ಗಾಡ್ಗೀಳರು 1983ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದರು. ಅವರ ಮುಂದಾಳತ್ವದ ‘ಲೈಫ್‌ಸ್ಕೇಪ್’ ಯೋಜನೆ ಪ್ರೌಢಶಾಲೆ, ಕಾಲೇಜಿನ ಮಕ್ಕಳು ತಮ್ಮೂರಿನ ಜೀವಿಗಳನ್ನು ತಾವೇ ಗುರುತಿಸಲೆಂದು ಚಿಟ್ಟೆ, ಸಿಹಿನೀರಿನ ಮೀನು, ಕಪ್ಪೆಗಳ ಕೈಪಿಡಿಗಳನ್ನು ಹೊರತಂದಿತು. ಕೃಷ್ಣಮೇಘ ಕುಂಟೆ ಅವರ ಚಿಟ್ಟೆ ಪುಸ್ತಕ 2000ದಲ್ಲಿ ಬಂದದ್ದು ಹೀಗೆಯೇ. ಅದೇ ಕೇಂದ್ರದ ಟಿ.ವಿ. ರಾಮಚಂದ್ರ ಅವರು ನಡೆಸಿಕೊಂಡು ಬಂದ ಕೆರೆ ಸಮ್ಮೇಳನಗಳಲ್ಲಿ ಶಾಲಾ ಮಕ್ಕಳು ತಮ್ಮ ಕೆರೆಯ ಮೇಲೆ ಪ್ರಬಂಧ ಮಂಡಿಸಿದ್ದಾರೆ. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ನಿನ ‘ಅರ್ಲಿ ಬರ್ಡ್’ ತಂಡ ಹಕ್ಕಿ ಗುರುತಿಸುವ ಕಿಸೆ ಕೈಪಿಡಿಯನ್ನು ಕನ್ನಡದಲ್ಲೂ ತಂದಿದೆ. ಲಾಲ್‌ಬಾಗಿನಲ್ಲಿ ಹಕ್ಕಿವೀಕ್ಷಕರ ಭಾನುವಾರದ ನಡಿಗೆಗಳು ದಶಕಗಳಿಂದ ಎಲ್ಲರಿಗೂ ತೆರೆದಿವೆ. ಇನ್ನು ಜಕ್ಕೂರು ಕೆರೆ: ಶುದ್ಧೀಕರಣ ಘಟಕದಿಂದ ಹೊರಬಂದ ನೀರು ಜೊಂಡು ಬೆಳೆದ ಜೌಗಿನಲ್ಲಿ ಸೋಸಿಕೊಂಡು ಕೆರೆ ಸೇರುವುದನ್ನು ಅಲ್ಲಿ ನಡೆದುಕೊಂಡೇ ನೋಡಬಹುದು. ಕಲ್ಕೆರೆ ನೋಡಿದ ಮಕ್ಕಳು ಒಮ್ಮೆ ಜಕ್ಕೂರಿಗೆ ಹೋಗಬೇಕು. ಅದೂ ಹೆಬ್ಬಾಳ ಕಣಿವೆಯದೇ ಕೆರೆ. ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ಬೇರೆ ಬೇಕಿಲ್ಲ.

ಹಾಗಿದ್ದರೂ ಶಾಲೆಗಳು ಕೆರೆಗೆ ಬರುವುದಿಲ್ಲವೇಕೆ? ಮುಖ್ಯೋಪಾಧ್ಯಾಯರನ್ನು ಕೇಳಿದರೆ ಮೊದಲ ಉತ್ತರ ಭಯ. ನೀರು, ಹಾವು, ಹೆಜ್ಜೇನು, ರಸ್ತೆ ದಾಟುವುದು. ಭಯ ನಿಜವೇ. ಅದಕ್ಕೆ ಪರಿಹಾರವೂ ಸರಳ. ಹತ್ತು ಮಕ್ಕಳಿಗೆ ಒಬ್ಬರು ದೊಡ್ಡವರು. ಏರಿಯ ಮೇಲೆ ಮಾತ್ರ ನಡಿಗೆ, ಮಕ್ಕಳು ದಂಡೆಗೆ ಇಳಿಯುವಂತಿಲ್ಲ. ಹಿಂದಿನ ದಿನ ಮೇಷ್ಟ್ರು ಬಂದು ದಾರಿ ನೋಡಿಕೊಂಡು ಹೋಗಬೇಕು. ಜೇನುಗೂಡು ಇರುವ ಮರದ ಬಳಿ ಸೆಂಟು, ಗದ್ದಲ ಎರಡೂ ಬೇಡ. ಒಂದೇ ಸಲಕ್ಕೆ ಇನ್ನೂರು ಮಕ್ಕಳನ್ನು ತಂದರೆ ಭಯವೂ ಹೆಚ್ಚು, ಕಲಿಕೆಯೂ ಸೊನ್ನೆ. ಒಂದು ತರಗತಿ ಒಂದು ಸಲ.

ಎರಡನೆಯ ಉತ್ತರ ಸಮಯ. ಪೋರ್ಷನ್ ಮುಗಿಯುವುದಿಲ್ಲ ಎನ್ನುತ್ತಾರೆ. ತಿಂಗಳ ಮೂರನೆಯ ಶನಿವಾರ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ವನ್ನು ಶಿಕ್ಷಣ ಇಲಾಖೆಯೇ ತಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ಬ್ಯಾಗ್‌ರಹಿತ ದಿನಗಳ ಮಾತಾಡಿದೆ. ಇವುಗಳಲ್ಲಿ ನಾಲ್ಕು ದಿನ ಕೆರೆಗೆ ಕೊಟ್ಟರೆ ಸಾಕು. ಮೊದಲ ಮಳೆ ಕಳೆದ ಜುಲೈಯಲ್ಲೊಮ್ಮೆ. ಕೆರೆ ತುಂಬಿ, ಉತ್ತರದಿಂದ ಸಿಪಿಲೆ, ಮರಳುಪೀಪಿಗಳು ಬಂದಿಳಿದ ಅಕ್ಟೋಬರಿನಲ್ಲೊಮ್ಮೆ. ಚಳಿಯ ಜನವರಿ. ನೀರು ತಗ್ಗಿ ಕೆಸರು ಕಾಣುವ ಮಾರ್ಚ್. ಪ್ರತಿ ಸಲವೂ ಅದೇ ಜಾಗ, ಅದೇ ತಟ್ಟೆ, ಅದೇ ಟ್ರೇ. ಬದಲಾದದ್ದೇನು ಎಂಬುದು ಹಾಗೆ ನೋಡಿದಾಗಲೇ ಗೊತ್ತಾಗುವುದು. ಒಂದೇ ಭೇಟಿಯಲ್ಲಿ ಕಾಣುವುದು ದೃಶ್ಯ ಮಾತ್ರ. ಕಾರಣ ಕಾಣಬೇಕಾದರೆ ಮತ್ತೆ ಮತ್ತೆ ಬರಬೇಕು.

ಗುಂಪು ಬಂದಾಗ ಯಾರು ಕಲಿಸಬೇಕು ಎಂಬುದೂ ಮುಖ್ಯ. ದುಬಾರಿ ಶುಲ್ಕದ ಸಂಪನ್ಮೂಲ ವ್ಯಕ್ತಿಯೇ ಬೇಕೆಂದೇನಿಲ್ಲ. ಈ ಊರುಗಳಲ್ಲಿ ಇನ್ನೂ ಎಪ್ಪತ್ತು, ಎಂಬತ್ತು ದಾಟಿದ ಹಿರಿಯರಿದ್ದಾರೆ. ತೂಬು ಎಲ್ಲಿತ್ತು, ನೀರುಗಂಟಿ ಯಾವ ಗದ್ದೆಗೆ ಮೊದಲು ನೀರು ಬಿಡುತ್ತಿದ್ದ, ಕೋಡಿ ಬಿದ್ದ ವರ್ಷ ಊರಿನವರು ಏನು ಮಾಡುತ್ತಿದ್ದರು ಎಂದು ಅವರನ್ನು ಏರಿ ಮೇಲೆ ಕೂರಿಸಿ ಕೇಳಬೇಕು. ‘ಅಜ್ಜ, ಇಲ್ಲಿ ಗದ್ದೆ ಇತ್ತಾ?’ ಎಂದು ಅಪಾರ್ಟ್‌ಮೆಂಟಿನ ಕಡೆ ಕೈ ತೋರಿಸಿ ಕೇಳುವ ಮಗುವಿಗೆ ಅಚ್ಚುಕಟ್ಟು ಎಂದರೇನು ಎಂಬುದು ಅಲ್ಲೇ ತಿಳಿಯುತ್ತದೆ. ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹೊರಮಾವಿನ ಸರ್ಕಾರಿ ಶಾಲೆಗಳಿಗೆ ಕಟ್ಟಡ ಕೆಲಸಕ್ಕೆಂದು ರಾಯಚೂರು, ಯಾದಗಿರಿ ಕಡೆಯಿಂದ ಬಂದವರ ಮಕ್ಕಳು ಬರುತ್ತಾರೆ. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ಮನಿರುವ ಈ ಮಕ್ಕಳು ಹೊಲ, ಹಳ್ಳ, ಆಡು, ಕುರಿ ಕಂಡು ಬೆಳೆದವರು. ಕೆರೆ ಏರಿಯ ಮೇಲೆ ಅವರು ಮುಂದೆ ಬರುತ್ತಾರೆ, ಉಳಿದವರಿಗೆ ತೋರಿಸುತ್ತಾರೆ. ಖಾಸಗಿ ಶಾಲೆ ಮತ್ತು ಸರ್ಕಾರಿ ಶಾಲೆ ಒಂದೇ ದಿನ, ಒಂದೇ ಗುಂಪಾಗಿ ಕೆರೆಗೆ ಬರುವಂತಾದರೆ ಅದರಿಂದ ಎರಡೂ ಕಡೆಗೆ ಆಗುವ ಲಾಭ ಯಾವ ರೆಸಾರ್ಟಿನಲ್ಲೂ ಸಿಗುವಂಥದ್ದಲ್ಲ.

ಮಕ್ಕಳು ಬರೆದುಕೊಂಡದ್ದನ್ನು ಏನು ಮಾಡಬೇಕು? ಬಹಳಷ್ಟು ಕಡೆ ಅದು ಪ್ರಾಜೆಕ್ಟ್ ಫೈಲಾಗಿ, ಅಂಕ ಸಿಕ್ಕ ಮೇಲೆ ರದ್ದಿಗೆ ಹೋಗುತ್ತದೆ. ಹಾಗಾಗಬಾರದು. ಶಾಲೆಗೊಂದು ಕೆರೆ ರಿಜಿಸ್ಟರ್ ಇರಲಿ. ದಿನಾಂಕ, ಹೊತ್ತು, ತಟ್ಟೆ ಕಣ್ಮರೆಯಾದ ಆಳ, ಟ್ರೇಯಲ್ಲಿ ಸಿಕ್ಕವು, ಕಂಡ ಹಕ್ಕಿಗಳು, ಕೊಳಚೆ ಸೇರುವ ಕಡೆಯ ವಾಸನೆ, ನೊರೆ ಎಲ್ಲವೂ ಅದರಲ್ಲಿ ದಾಖಲಾಗಲಿ. ಈ ವರ್ಷದ ಆರನೇ ತರಗತಿ ಎಲ್ಲಿಗೆ ನಿಲ್ಲಿಸಿತೋ ಮುಂದಿನ ವರ್ಷದವರು ಅಲ್ಲಿಂದ ಶುರು ಮಾಡಲಿ. ಹಕ್ಕಿಗಳ ಲೆಕ್ಕವನ್ನು ಪ್ರತಿ ಫೆಬ್ರುವರಿಯ ಕ್ಯಾಂಪಸ್ ಹಕ್ಕಿ ಗಣತಿಗೂ ಸೇರಿಸಬಹುದು. ಎರಡು ವರ್ಷದ ದಾಖಲೆ ಕೂಡಿದಾಗ, ಇಂಥ ತಿಂಗಳಿನಿಂದ ಇಂಥ ಮೋರಿಯಲ್ಲಿ ಕೊಳಚೆ ಹೆಚ್ಚಿದೆ, ಇಂಥ ದಿನ ಮೀನು ಬಾಯಿ ತೆರೆದದ್ದು ಕಂಡಿದ್ದೇವೆ ಎಂದು ಮಕ್ಕಳೇ ಕನ್ನಡದಲ್ಲಿ ಒಂದು ಅರ್ಜಿ ಬರೆಯಲಿ. ಅದನ್ನು ಪಾಲಿಕೆಯ ಕೆರೆ ವಿಭಾಗದ ಕಚೇರಿಗೆ ಅವರೇ ಒಯ್ದು ಕೊಡಲಿ, ಮೇಷ್ಟ್ರು ಜೊತೆಗಿರಲಿ. ಅರ್ಜಿಯ ನಕಲಿನ ಮೇಲೆ ಸ್ವೀಕೃತಿ ಮುದ್ರೆ, ದಿನಾಂಕ ಹಾಕಿಸಿಕೊಂಡು ರಿಜಿಸ್ಟರಿಗೆ ಅಂಟಿಸಿ, ಉತ್ತರ ಬಾರದಿದ್ದರೆ ತಿಂಗಳು ಕಳೆದು ಮತ್ತೆ ಹೋಗಿ ಕೇಳುವುದನ್ನೂ ಅದೇ ಪಠ್ಯದ ಭಾಗವಾಗಿ ಕಲಿಸಬೇಕು.